ಹಾರಲು ಬಲ್ಲವರು ಹಾರದಿರುವುದೇಕೆ?



ಬಹಳ ಹಣವನ್ನೂ ಅದಕ್ಕಿಂತ ಹೆಚ್ಚಿನ ಶ್ರಮವನ್ನೂ ವೆಚ್ಚಮಾಡಿ ಒಂದು ವಿದ್ಯೆಯನ್ನು ಸಂಪಾದಿಸಿದವನು, ಅದು ಕೈಗೆ ಹತ್ತಿದ ಕೆಲವೇ ವರ್ಷಗಳಲ್ಲಿ, ಯಾರೂ ಬೇಡವೆನ್ನದೆ, ತಾನೂ ಬೇಡವೆಂದು ನಿಶ್ಚಯಿಸದೆ, ಅದನ್ನು ಕೈಬಿಡುವುದು ಹೇಗೆ? ಈ ಹೊತ್ತು ತಮ್ಮ ಮುಂದಿಡಬೇಕೆಂದಿರುವ ಪ್ರಶ್ನೆ ಇದು. ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ, ಸಂತೋಷಕ್ಕಾಗಿ ವಿಮಾನ ನಡೆಸುವವರದು.

ಇವರು ಯಾರೆಂಬುದನ್ನು ಮೊದಲು ಹೇಳಬೇಕು. ಸಂಬಳ ಪಡೆದು ಪ್ರಯಾಣಿಕರನ್ನು ದೇಶದಿಂದ ದೇಶಕ್ಕೆ ಸಾಗಿಸುವ ವೈಮಾನಿಕರು ಬೇರೆ; ಸೈನ್ಯದ ವೈಮಾನಿಕರು ಬೇರೆ. ನಾನು ಹೇಳುವುದು ಮೂರನೆಯ ವರ್ಗದವರ ಮಾತು. ಇವರು ವೃತ್ತಿಯಿಂದ ವೈದ್ಯರು, ವಕೀಲರು, ಉಪಾಧ್ಯಾಯರು, ವರ್ತಕರು, ಬೇಸಾಯಗಾರರು. ವಾರವೆಲ್ಲ ತಮ್ಮ ಕಸುಬನ್ನು ನೋಡಿಕೊಂಡಿದ್ದು, ರಜದ ದಿನ ಬಂದಾಗ ಊರಾಚೆಯ ಸಣ್ಣ ವಿಮಾನ ನಿಲ್ದಾಣಕ್ಕೆ ಹೋಗಿ, ಎರಡೋ ನಾಲ್ಕೋ ಆಸನಗಳುಳ್ಳ, ಒಂದೇ ಎಂಜಿನಿನ ಪುಟ್ಟ ವಿಮಾನವನ್ನು ಹೊರಕ್ಕೆ ತಳ್ಳಿ ತಾವೇ ನಡೆಸಿಕೊಂಡು ಹೋಗುವರು. ಇದರಿಂದ ಅವರಿಗೆ ಒಂದು ಕಾಸಿನ ಸಂಪಾದನೆಯೂ ಇಲ್ಲ. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗಕೂಡದೆಂದು ಅವರ ಲೈಸೆನ್ಸಿನ ನಿಯಮವೇ ಇದೆ. ಮಾತಿನ ಸೌಕರ್ಯಕ್ಕಾಗಿ ಇವರನ್ನು ವಿನೋದ ವೈಮಾನಿಕರೆಂದು ಕರೆಯೋಣ.

ಇಂಥವರು ಎಲ್ಲಕ್ಕಿಂತ ಹೆಚ್ಚಾಗಿರುವ ದೇಶ ಅಮೆರಿಕಾ ಸಂಯುಕ್ತ ಸಂಸ್ಥಾನ. ಆದ್ದರಿಂದ ಮುಖ್ಯವಾಗಿ ಅಲ್ಲಿನ ಸಂಗತಿಯನ್ನೇ ನೋಡೋಣ. 1980ರಲ್ಲಿ ಆ ದೇಶದಲ್ಲಿ ಖಾಸಗಿ ವೈಮಾನಿಕರ ಲೈಸೆನ್ಸು ಪಡೆದು ಚಾಲ್ತಿಯಲ್ಲಿಟ್ಟುಕೊಂಡಿದ್ದವರು ಸುಮಾರು 3 ಲಕ್ಷ 57 ಸಾವಿರ ಮಂದಿ. 2020ರಲ್ಲಿ ಸುಮಾರು 1 ಲಕ್ಷ 61 ಸಾವಿರ. ಈ ನಲವತ್ತು ವರ್ಷಗಳಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 22 ಕೋಟಿ 65 ಲಕ್ಷದಿಂದ 33 ಕೋಟಿಗೆ ಏರಿತು. ವೈಮಾನಿಕರ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಈಚಿನ ವರ್ಷಗಳಲ್ಲಿ ಅಂಕಿ ಕೊಂಚ ಮೇಲೆದ್ದಿದೆ. ಆದರೆ ಹೊಸದಾಗಿ ಬರುವವರಲ್ಲಿ ಅನೇಕರಿಗೆ ಈ ಲೈಸೆನ್ಸು ದೊಡ್ಡ ವಿಮಾನ ಕಂಪನಿಗಳ ಉದ್ಯೋಗಕ್ಕೆ ಹತ್ತುವ ಏಣಿಯ ಮೊದಲ ಮೆಟ್ಟಿಲು. ಇಷ್ಟಲ್ಲದೆ, ಲೈಸೆನ್ಸಿನ ಲೆಕ್ಕದಲ್ಲಿ ಕಾಣದ ಮತ್ತೊಂದು ಸಂಗತಿಯಿದೆ. ಪಟ್ಟಿಯಲ್ಲಿ ಹೆಸರಿರುವ ವೈಮಾನಿಕ ಕಳೆದ ವರ್ಷ ನೂರು ಗಂಟೆ ಹಾರಿರಬಹುದು. ಒಂದು ಗಂಟೆಯೂ ಹಾರದೆ ಇರಬಹುದು. ನಮ್ಮ ಪ್ರಶ್ನೆ ಹುಟ್ಟುವುದು ಈ ಎರಡನೆಯವನ ವಿಷಯದಲ್ಲಿ.

ಈ ವಿನೋದ ಜನಸಾಮಾನ್ಯಕ್ಕೆ ಬಂದದ್ದು 1925ರಲ್ಲಿ. ಆ ವರ್ಷ ಇಂಗ್ಲೆಂಡಿನಲ್ಲಿ ಜೆಫ್ರಿ ಡಿ ಹ್ಯಾವಿಲೆಂಡನು 'ಮಾತ್' ಎಂಬ ಹಗುರವಾದ ಎರಡು ಆಸನದ ವಿಮಾನವನ್ನು ತಯಾರಿಸಿದನು. ರೆಕ್ಕೆಗಳನ್ನು ಹಿಂದಕ್ಕೆ ಮಡಿಸಿ ಸಣ್ಣ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದಾದ ಯಂತ್ರ ಅದು. ಅಲ್ಲಿನ ಸರ್ಕಾರ ಹಾರಾಟದ ಕ್ಲಬ್ಬುಗಳಿಗೆ ಧನಸಹಾಯ ಮಾಡಿತು. ಲಂಡನ್ನಿನ ಕ್ಲಬ್ಬಿನಲ್ಲಿ ಹಾರಲು ಕಲಿತವರಲ್ಲಿ ವಕೀಲರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತಿದ್ದ ಏಮಿ ಜಾನ್ಸನ್ ಒಬ್ಬಳು. ಅವಳು 1930ರ ಮೇ ತಿಂಗಳಲ್ಲಿ ಬೇರೆಯವರು ಬಳಸಿದ್ದ ಒಂದು ಮಾತ್ ವಿಮಾನವನ್ನು ಕೊಂಡು, ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹಾರಿ ಹೋದಳು. ಬೆರಳಚ್ಚುಗಾತಿಯೊಬ್ಬಳು ಇದನ್ನು ಸಾಧಿಸಬಹುದಾದರೆ ಯಾರು ತಾನೆ ಸಾಧಿಸಲಾರರು ಎಂಬ ಭಾವನೆ ಆಗ ಹುಟ್ಟಿತು.

ಎರಡನೆಯ ಮಹಾಯುದ್ಧ ಮುಗಿದಮೇಲೆ ಈ ಭಾವನೆ ಅಮೆರಿಕದಲ್ಲಿ ಉಬ್ಬರಕ್ಕೆ ಬಂತು. ಯುದ್ಧದಿಂದ ಹಿಂದಿರುಗಿದವರಿಗೆ ಸರ್ಕಾರದ ಖರ್ಚಿನಲ್ಲಿ ಹಾರುವುದನ್ನು ಕಲಿಯುವ ಅವಕಾಶವಿತ್ತು. 1946 ಒಂದೇ ವರ್ಷದಲ್ಲಿ ಮೂವತ್ತು ಸಾವಿರಕ್ಕೂ ಮೀರಿ ಸಣ್ಣ ವಿಮಾನಗಳು ಅಲ್ಲಿ ತಯಾರಾದುವು. ಬಟ್ಟೆಬರೆ ಮಾರುವ ದೊಡ್ಡ ಅಂಗಡಿಗಳಲ್ಲಿ ಸಹ ವಿಮಾನವನ್ನು ಮಾರಾಟಕ್ಕಿಟ್ಟಿದ್ದರು. ಮೋಟಾರು ಬಂಡಿಯಂತೆ ಮನೆಗೊಂದು ವಿಮಾನ ಬರುವುದೆಂದು ತಿಳಿದವರೂ ಹೇಳುತ್ತಿದ್ದರು. ಎರಡು ವರ್ಷಗಳೊಳಗೆ ಆ ಉಬ್ಬರ ಇಳಿದುಹೋಯಿತು. ವಿಮಾನವನ್ನು ಕೊಂಡವರು ಅದನ್ನು ಮೋಟಾರಿನಂತೆ ಬಳಸುವುದು ಸಾಧ್ಯವಿಲ್ಲವೆಂದು ಕಂಡುಕೊಂಡರು. ಕೆಲವು ವರ್ಷಗಳ ಮೇಲೆ ಮತ್ತೆ ಏರಿಕೆಯಾಗಿ, 1978ರಲ್ಲಿ 17 ಸಾವಿರಕ್ಕೂ ಹೆಚ್ಚು ವಿಮಾನಗಳು ಕಾರ್ಖಾನೆಗಳಿಂದ ಹೊರಬಿದ್ದುವು. ಅದು ತುತ್ತತುದಿ. 1994ರಲ್ಲಿ ಈ ಅಂಕಿ ಒಂದು ಸಾವಿರಕ್ಕಿಂತ ಕೆಳಗಿತ್ತು.

ಇದಕ್ಕೆ ಕಾರಣವೇನೆಂದು ಕೇಳಿದರೆ ವೈಮಾನಿಕರು ಕೊಡುವ ಮೊದಲನೆಯ ಉತ್ತರ ಹಣ. ಆ ಉತ್ತರ ಸುಳ್ಳಲ್ಲ. ಸೆಸ್ನಾ ಕಂಪನಿಯ 172 ಎಂಬ ನಾಲ್ಕು ಆಸನದ ವಿಮಾನ ಲೋಕದಲ್ಲಿ ಬೇರೆಲ್ಲ ವಿಮಾನಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿರುವುದು. 1956ರ ಸುಮಾರಿಗೆ ಅದರ ಬೆಲೆ ಒಂಬತ್ತು ಸಾವಿರ ಡಾಲರಿನಷ್ಟಿತ್ತು. ಇಂದು ಅದೇ ಹೆಸರಿನ ಹೊಸ ವಿಮಾನಕ್ಕೆ ನಾಲ್ಕು ಲಕ್ಷ ಡಾಲರಿಗೂ ಮೇಲೆ ಕೊಡಬೇಕು. ಹಣದ ಮೌಲ್ಯ ಇಳಿದಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇದು ಹಲವು ಮಡಿ ಏರಿಕೆ. ಹಳೆಯ ವಿಮಾನವೊಂದು ಅಪಘಾತಕ್ಕೀಡಾದರೆ, ಅದನ್ನು ಎಷ್ಟೋ ವರ್ಷಗಳ ಹಿಂದೆ ತಯಾರಿಸಿದ ಕಂಪನಿಯ ಮೇಲೆ ದಾವೆ ಹೂಡುವ ಪದ್ಧತಿ ಬೆಳೆದುದು ಇದಕ್ಕೆ ಒಂದು ಕಾರಣವಾಯಿತು. ಸೆಸ್ನಾ ಕಂಪನಿ 1986ರಲ್ಲಿ ಈ ಬಗೆಯ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. 1994ರಲ್ಲಿ ಅಮೆರಿಕದ ಶಾಸನಸಭೆ, ಹದಿನೆಂಟು ವರ್ಷ ಮೀರಿದ ಸಣ್ಣ ವಿಮಾನದ ಬಗ್ಗೆ ತಯಾರಕನ ಮೇಲೆ ಸಾಧಾರಣವಾಗಿ ದಾವೆ ಹೂಡಕೂಡದೆಂದು ಕಾನೂನು ಮಾಡಿದ ಮೇಲೆ, 1996ರಲ್ಲಿ ತಯಾರಿಕೆ ಮತ್ತೆ ಆರಂಭವಾಯಿತು. ಬೆಲೆ ಮಾತ್ರ ಹಿಂದಕ್ಕೆ ಬರಲಿಲ್ಲ. ಅದರಿಂದಲೇ ನಲವತ್ತು, ಐವತ್ತು ವರ್ಷ ವಯಸ್ಸಿನ ವಿಮಾನಗಳು ಅಲ್ಲಿ ಇಂದಿಗೂ ಸಾವಿರಗಟ್ಟಲೆ ಹಾರುತ್ತಿವೆ.

ಆದರೆ ಹಣದ ಮಾತಿನಲ್ಲಿ ಒಂದು ಸೂಕ್ಷ್ಮವಿದೆ; ಅದನ್ನು ಗಮನಿಸಬೇಕು. ವಿಮಾನದ ಖರ್ಚು ಎರಡು ಬಗೆ. ಪೆಟ್ರೋಲು, ಎಣ್ಣೆ, ಎಂಜಿನಿನ ಸವೆತ, ಇವು ಹಾರಿದಷ್ಟಕ್ಕೆ ತಗಲುವ ಖರ್ಚು. ವಿಮಾನವನ್ನು ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ಹನ್ನೆರಡು ತಿಂಗಳಿಗೊಮ್ಮೆ ಕಡ್ಡಾಯವಾಗಿ ಮಾಡಿಸಬೇಕಾದ ಯಂತ್ರಪರೀಕ್ಷೆ, ಇವು ಹಾರಲಿ ಹಾರದಿರಲಿ ತೆರಬೇಕಾದ ಖರ್ಚು. ಲೆಕ್ಕಕ್ಕಾಗಿ ಈ ಎರಡನೆಯ ಬಗೆ ವರ್ಷಕ್ಕೆ ಹತ್ತು ಸಾವಿರ ಡಾಲರೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ನೂರು ಗಂಟೆ ಹಾರುವವನಿಗೆ ಗಂಟೆಯೊಂದಕ್ಕೆ ಬೀಳುವ ಪಾಲು ನೂರು ಡಾಲರು. ಇಪ್ಪತ್ತು ಗಂಟೆ ಹಾರುವವನಿಗೆ ಐನೂರು. ಕಡಮೆ ಹಾರಿದಷ್ಟೂ ಹಾರಾಟ ದುಬಾರಿಯಾಗುತ್ತದೆ; ದುಬಾರಿಯಾದಷ್ಟೂ ಮನಸ್ಸು ಹಿಂದೆಗೆಯುತ್ತದೆ. ಈ ಬಗೆಯ ಸುಳಿ ಇನ್ನೊಂದೆಡೆಯಲ್ಲೂ ನಮಗೆ ಎದುರಾಗಲಿದೆ.

ಎರಡನೆಯ ಉತ್ತರ ಕಾನೂನು. ಅಮೆರಿಕದ ವಿಮಾನಶಾಖೆಯ ನಿಯಮಗಳು ಸ್ಥೂಲವಾಗಿ ಹೀಗಿವೆ. ಲೈಸೆನ್ಸಿಗೆ ಮೊದಲು ಕಡಮೆಯೆಂದರೆ ನಲವತ್ತು ಗಂಟೆ ಹಾರಿರಬೇಕು. ಬಹು ಮಂದಿಗೆ ಇದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಲೈಸೆನ್ಸು ಬಂದಮೇಲೆ ಜೊತೆಯಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಬೇಕಾದರೆ ಹಿಂದಿನ ತೊಂಬತ್ತು ದಿನಗಳೊಳಗೆ ಮೂರು ಸಲ ಏರಿ ಮೂರು ಸಲ ಇಳಿದಿರಬೇಕು. ರಾತ್ರಿಯ ವೇಳೆಗೆ ಇದೇ ಲೆಕ್ಕ ಬೇರೆಯಾಗಿ ಉಂಟು. ಇಪ್ಪತ್ತನಾಲ್ಕು ತಿಂಗಳಿಗೊಮ್ಮೆ ಶಿಕ್ಷಕನೊಡನೆ ಕುಳಿತು ಒಂದು ಗಂಟೆ ನೆಲದ ಮೇಲೆ, ಒಂದು ಗಂಟೆ ಗಾಳಿಯಲ್ಲಿ ತನ್ನ ವಿದ್ಯೆಯನ್ನು ಒಪ್ಪಿಸಬೇಕು. ದೇಹಸ್ಥಿತಿಯ ಪರೀಕ್ಷೆಗೆ ಅಧಿಕೃತ ವೈದ್ಯರಲ್ಲಿಗೆ ಹೋಗಬೇಕು. ನಲವತ್ತು ದಾಟಿದವರಿಗೆ ಇದು ಎರಡು ವರ್ಷಕ್ಕೊಮ್ಮೆ ಬರುತ್ತದೆ. 2017ರಿಂದ ಇದನ್ನು ಸಡಿಲಿಸಿ, ಅನೇಕರು ತಮ್ಮ ಮನೆಯ ವೈದ್ಯರಿಂದಲೇ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬಹುದೆಂದು ಮಾಡಿದ್ದಾರೆ. ಈ ನಿಯಮಗಳಲ್ಲಿ ಯಾವುದೂ ಕ್ರೂರವಾದದ್ದಲ್ಲ. ಆಕಾಶದಲ್ಲಿ ಹಾರುವವನಿಂದ ಇಷ್ಟನ್ನು ಅಪೇಕ್ಷಿಸುವುದು ನ್ಯಾಯವೇ ಸರಿ. ಆದರೂ ಒಂದನ್ನು ತಪ್ಪಿಸಿಕೊಂಡವನು ಅದನ್ನು ಸರಿಪಡಿಸಿಕೊಳ್ಳುವುದರೊಳಗೆ ಮತ್ತೊಂದರ ಅವಧಿ ಮುಗಿದಿರುತ್ತದೆ. ಆಗ ಅವನ ರಜದ ದಿನ ಹಾರುವುದಕ್ಕಲ್ಲದೆ, ಹಾರುವ ಹಕ್ಕನ್ನು ಮರಳಿ ಪಡೆಯುವುದಕ್ಕೆ ಹೋಗುತ್ತದೆ.

ಮೂರನೆಯ ಉತ್ತರ ಹವೆ ಮತ್ತು ಹೊತ್ತು. ಉಪಕರಣಗಳನ್ನೇ ನೋಡಿಕೊಂಡು ಮೋಡದೊಳಗೆ ನಡೆಸುವ ವಿದ್ಯೆ ಬೇರೆ; ಅದಕ್ಕೆ ಬೇರೆ ಪರೀಕ್ಷೆ, ಬೇರೆ ಅಭ್ಯಾಸ ಬೇಕು. ವಿನೋದ ವೈಮಾನಿಕರಲ್ಲಿ ಬಹು ಮಂದಿ ಕಣ್ಣಿಗೆ ಕಾಣುವುದನ್ನು ನಂಬಿ ಹಾರುವವರು. ಅಂಥವನಿಗೆ ಸಾಮಾನ್ಯವಾಗಿ ಮೂರು ಮೈಲಿ ದೂರ ಸ್ಪಷ್ಟವಾಗಿ ಕಾಣಬೇಕು; ಮೋಡದಿಂದ ಐನೂರು ಅಡಿ ಕೆಳಗಿರಬೇಕು. ಹವೆ ಸರಿಯಾಗಿರುವ ದಿನ ಅವನಿಗೆ ಕಚೇರಿ. ಬಿಡುವಾದ ದಿನ ಮಂಜು ಅಥವಾ ಗಾಳಿ. ಒಂದು ಗಂಟೆಯ ಹಾರಾಟವೆಂದರೆ ಒಂದು ಗಂಟೆಯ ಕೆಲಸವಲ್ಲ. ಹವಾಮಾನದ ವರದಿಯನ್ನು ಓದಿ, ದಾರಿಯನ್ನು ನಕ್ಷೆಯ ಮೇಲೆ ಗೊತ್ತುಮಾಡಿ, ಭಾರದ ಲೆಕ್ಕ ಹಾಕಿ, ನಿಲ್ದಾಣಕ್ಕೆ ಹೋಗಿ, ವಿಮಾನದ ಒಂದೊಂದು ಕೀಲನ್ನೂ ಮುಟ್ಟಿ ನೋಡಿ, ಪೆಟ್ರೋಲಿನಲ್ಲಿ ನೀರು ಸೇರಿದೆಯೋ ಎಂದು ಗಾಜಿನ ಬಟ್ಟಲಲ್ಲಿ ಹಿಡಿದು ಪರೀಕ್ಷಿಸಿ, ಹಾರಿ ಬಂದಮೇಲೆ ವಿಮಾನವನ್ನು ಒಳಕ್ಕೆ ತಳ್ಳಿ, ಲಾಗ್ ಪುಸ್ತಕದಲ್ಲಿ ಬರೆದು ಮನೆಗೆ ಬರುವ ವೇಳೆಗೆ ಅರ್ಧ ದಿನ ಕಳೆದಿರುತ್ತದೆ. ಮನೆಯಲ್ಲಿ ಹೆಂಡತಿಯೋ ಗಂಡನೋ ಮಕ್ಕಳೋ ಕಾದಿರುತ್ತಾರೆ. ಅವರನ್ನೂ ಕರೆದುಕೊಂಡು ಹೋಗಬಹುದಲ್ಲ ಎಂದು ಕೇಳಬಹುದು. ನಾಲ್ಕು ಆಸನವಿರುವ ಅನೇಕ ವಿಮಾನಗಳಲ್ಲಿ ಪೆಟ್ರೋಲು ತುಂಬಿಸಿದ ಮೇಲೆ ನಾಲ್ಕು ಮಂದಿ ದೊಡ್ಡವರನ್ನು ಕೂರಿಸಿದರೆ ಭಾರ ಮಿತಿ ಮೀರುತ್ತದೆ. ಇದಲ್ಲದೆ ಎಲ್ಲರಿಗೂ ಆ ಗದ್ದಲ, ಆ ಕುಲುಕಾಟ ಹಿಡಿಸುವುದೂ ಇಲ್ಲ.

ಹಣ, ಕಾನೂನು, ಹವೆ, ಹೊತ್ತು: ಈ ನಾಲ್ಕೂ ನಿಜವಾದ ಕಾರಣಗಳು. ಆದರೂ ಇವು ಪೂರ್ತಿ ಉತ್ತರವಾಗಲಾರವು. ಏಕೆಂದರೆ, ಈ ನಾಲ್ಕೂ ಅವನು ಕಲಿಯುತ್ತಿದ್ದಾಗಲೂ ಇದ್ದುವು. ಆಗ ಹಣವೂ ಹೆಚ್ಚಾಗಿಯೇ ಹೋಗುತ್ತಿತ್ತು, ಹವೆಯೂ ಕೈಕೊಡುತ್ತಿತ್ತು. ಆಗ ದಾಟಿಹೋದ ಅಡ್ಡಿ ಈಗ ದಾಟಲಾರದಷ್ಟು ಎತ್ತರವಾಗಿ ಕಾಣುವುದೇಕೆ?

ಒಂದು ಕಾರಣವೆಂದರೆ, ಆಗ ಅವನ ಮುಂದೆ ಗುರಿಯಿತ್ತು. ಇಂದು ಒಬ್ಬನೇ ಹಾರಬೇಕು, ಮುಂದಿನ ತಿಂಗಳು ದೂರದ ಊರಿಗೆ ದಾರಿ ಕಂಡುಕೊಂಡು ಹೋಗಿಬರಬೇಕು, ಆಮೇಲೆ ಪರೀಕ್ಷೆ. ಪ್ರತಿ ಪಾಠವೂ ಮುಂದಿನ ಪಾಠಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಕಾದಿರುವ ಶಿಕ್ಷಕನಿದ್ದ. ಪರೀಕ್ಷೆ ಮುಗಿದು ಲೈಸೆನ್ಸು ಜೇಬಿಗೆ ಬಂದ ದಿನ ಈ ಎಳೆತ ನಿಂತುಹೋಗುತ್ತದೆ. ಸ್ನೇಹಿತರನ್ನು ಕೂರಿಸಿಕೊಂಡು ಊರಿನ ಮೇಲೆ ಒಂದು ಸುತ್ತು ಹಾಕಿದ್ದಾಯಿತು. ತನ್ನ ಮನೆಯ ಮಾಡನ್ನು ಮೇಲಿನಿಂದ ನೋಡಿದ್ದಾಯಿತು. ಮುಂದೇನು? ಅಮೆರಿಕದ ವೈಮಾನಿಕರು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ಮಾತೊಂದುಂಟು: 'ನೂರು ಡಾಲರಿನ ಹ್ಯಾಂಬರ್ಗರ್'. ಪಕ್ಕದ ನಿಲ್ದಾಣಕ್ಕೆ ಹಾರಿ, ಅಲ್ಲಿನ ಹೋಟಲಿನಲ್ಲಿ ಅಲ್ಪ ಬೆಲೆಯ ತಿಂಡಿಯನ್ನು ತಿಂದು ಹಿಂದಿರುಗಿದರೆ, ಪೆಟ್ರೋಲೂ ಸೇರಿ ಆ ತಿಂಡಿಗೆ ಬಿದ್ದ ಬೆಲೆ ಅದು. ನಗೆಯ ಮಾತಾದರೂ ಹೋಗಬೇಕಾದ ಊರೊಂದಿಲ್ಲವೆಂಬ ಕೊರಗು ಅದರಲ್ಲಿ ಅಡಗಿದೆ.

ಇನ್ನು ನಾನು ಮುಖ್ಯವೆಂದು ಭಾವಿಸಿರುವ ಕಾರಣಕ್ಕೆ ಬರುತ್ತೇನೆ. ಹಾರುವುದು ಸೈಕಲ್ ಸವಾರಿಯಂತೆ ಒಮ್ಮೆ ಬಂದರೆ ಎಂದಿಗೂ ಮರೆಯದ ವಿದ್ಯೆಯಲ್ಲ. ನೆಟ್ಟಗೆ, ಸಮನಾಗಿ ಹಾರುವುದೇನೋ ಬಹುಕಾಲ ಉಳಿಯುತ್ತದೆ. ಮೊದಲು ಸವೆಯುವುದು ಸೂಕ್ಷ್ಮವಾದ ಭಾಗ. ರನ್‌ವೇಗೆ ಅಡ್ಡವಾಗಿ ಗಾಳಿ ಬೀಸುತ್ತಿರುವಾಗ, ಗಾಳಿಯ ಕಡೆಯ ರೆಕ್ಕೆಯನ್ನು ಕೊಂಚ ಬಾಗಿಸಿ, ಕಾಲಿನಿಂದ ಚುಕ್ಕಾಣಿಯನ್ನು ಎದುರು ಕಡೆಗೆ ಒತ್ತಿ, ವಿಮಾನದ ಮೂಗು ನೇರವಾಗಿರುವಂತೆ ನೋಡಿಕೊಂಡು, ಒಂದು ಚಕ್ರವನ್ನು ಮೊದಲು ನೆಲಕ್ಕೆ ಮುಟ್ಟಿಸುವ ಚಾತುರ್ಯವಿದೆಯಲ್ಲ, ಅದು ಕೆಲವು ವಾರಗಳಲ್ಲೇ ಮೊಂಡಾಗುತ್ತದೆ. ಕಂಟ್ರೋಲ್ ಟವರಿನವರು ರೇಡಿಯೋದಲ್ಲಿ ಅವಸರವಾಗಿ ಹೇಳುವ ಮಾತನ್ನು ಹಿಡಿದು ಹಿಂದಿರುಗಿ ಹೇಳುವುದು ತೊಡಕಾಗುತ್ತದೆ. ಎಂಜಿನು ನಿಂತರೆ ಏನು ಮಾಡಬೇಕೆಂಬುದು ಯೋಚಿಸಿ ನೆನೆಸಿಕೊಳ್ಳಬೇಕಾದ ಸಂಗತಿಯಾಗುತ್ತದೆ. ಅಭ್ಯಾಸದಲ್ಲಿರುವವನಿಗೆ ಅದು ಕೈಗೆ ತಾನಾಗಿ ಬರುತ್ತದೆ.

ಇದನ್ನು ವೈಮಾನಿಕ ತಾನೇ ಬಲ್ಲ. ಇಲ್ಲಿಯೇ ಇದರ ವೈಚಿತ್ರ್ಯ. ಮೂರು ವಾರ ಹಾರದೆ ಇದ್ದವನು ನಾಲ್ಕನೆಯ ಶನಿವಾರ ಬೆಳಗ್ಗೆ ಎದ್ದು ನೋಡುತ್ತಾನೆ. ಗಾಳಿ ಸ್ವಲ್ಪ ಬಲವಾಗಿದೆ. ಅಭ್ಯಾಸದಲ್ಲಿದ್ದಾಗ ಈ ಗಾಳಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಈಗ, 'ಕೈ ಕೊಂಚ ಜಡವಾಗಿದೆ. ಈ ದಿನ ಬೇಡ, ಮುಂದಿನ ವಾರ ನೋಡೋಣ' ಎಂದು ತೀರ್ಮಾನಿಸುತ್ತಾನೆ. ಅದು ವಿವೇಕದ ತೀರ್ಮಾನ. ಯಾವ ಶಿಕ್ಷಕನೂ ಅದನ್ನು ಮೆಚ್ಚಬೇಕು. ಮುಂದಿನ ವಾರ ಮಗಳ ಹುಟ್ಟುಹಬ್ಬ. ಅದರ ಮುಂದಿನ ವಾರ ಮಳೆ. ಆರನೆಯ ವಾರ ಹವೆ ಸೊಗಸಾಗಿದೆ. ಆದರೆ ಈಗ ಅವನು ಹಾರದೆ ಆರು ವಾರ. 'ಬೇಡ' ಎನ್ನುವುದಕ್ಕೆ ಹಿಂದಿಗಿಂತ ಹೆಚ್ಚು ಬಲವಾದ ಕಾರಣವಿದೆ; ಅದೂ ವಿವೇಕವೇ. ಹೀಗೆ ಒಂದೊಂದು ಸಲದ ವಿವೇಕವೂ ಮುಂದಿನ ಸಲದ ಹಿಂಜರಿಕೆಗೆ ಆಧಾರವಾಗುತ್ತ ಹೋಗುತ್ತದೆ. ತೊಂಬತ್ತು ದಿನ ಕಳೆಯುತ್ತದೆ. ಇಪ್ಪತ್ತನಾಲ್ಕು ತಿಂಗಳೂ ಕಳೆಯುತ್ತದೆ. ಹಾರುವುದನ್ನು ಬಿಟ್ಟೆನೆಂದು ಅವನು ಯಾರಿಗೂ ಹೇಳಿಲ್ಲ, ತನಗೂ ಹೇಳಿಕೊಂಡಿಲ್ಲ. ಕೇಳಿದರೆ, ಈಚೆಗೆ ಪುರುಸೊತ್ತಾಗಿಲ್ಲ ಎನ್ನುತ್ತಾನೆ. ಲಾಗ್ ಪುಸ್ತಕದ ಕೊನೆಯ ಸಾಲು ಬರೆದಾಗ ಅದು ಕೊನೆಯದೆಂದು ಅವನಿಗೆ ಗೊತ್ತಿರಲಿಲ್ಲ.

ಯಂತ್ರದ ಕಥೆಯೂ ಇದೇ. ಬಹುಕಾಲ ನಿಂತಿರುವ ಎಂಜಿನಿನೊಳಗೆ ತೇವ ಸೇರಿ, ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯುತ್ತದೆ. ಆಗಾಗ್ಗೆ ಹಾರಿಸುತ್ತಿದ್ದರೆ ಎಣ್ಣೆ ಚೆನ್ನಾಗಿ ಕಾದು ತೇವ ಹೊರಟುಹೋಗುತ್ತದೆ. ಬಳಕೆ ಯಂತ್ರವನ್ನು ಸವೆಸುತ್ತದೆಂದು ನಾವು ಸಾಮಾನ್ಯವಾಗಿ ತಿಳಿದಿರುವೆವು. ವಿಮಾನದ ಎಂಜಿನನ್ನು ಬಳಸದಿರುವುದೂ ಸವೆಸುತ್ತದೆ. ನಡೆಸುವವನಿಗೂ ನಡೆಯುವ ಯಂತ್ರಕ್ಕೂ ಒಂದೇ ರೋಗ.

ಹೀಗಿರುವಲ್ಲಿ ಎರಡು ಬಗೆಯ ಅಪಾಯ ಏರ್ಪಡುತ್ತದೆ. ಕಾನೂನಿನ ಲೆಕ್ಕ ಸರಿಯಾಗಿದೆಯೆಂದು ಧೈರ್ಯಮಾಡಿ ಅಪರೂಪಕ್ಕೆ ಹಾರುವವನು ಒಬ್ಬ. ತೊಂಬತ್ತು ದಿನದಲ್ಲಿ ಮೂರು ಸಲ ನಿಶ್ಚಲವಾದ ಗಾಳಿಯಲ್ಲಿ ಇಳಿದವನು ಕಾನೂನಿನ ದೃಷ್ಟಿಗೆ ಯೋಗ್ಯ. ಅಡ್ಡಗಾಳಿಯ ದೃಷ್ಟಿಗೆ ಯೋಗ್ಯನೆಂದು ಹೇಳಲಾಗುವುದಿಲ್ಲ. ಇವನಿಗೆ ಪ್ರಾಣಾಪಾಯ. ಎಚ್ಚರಿಕೆಯಿಂದ ನೆಲದ ಮೇಲೇ ನಿಲ್ಲುವವನು ಮತ್ತೊಬ್ಬ. ಇವನ ಪ್ರಾಣಕ್ಕೆ ಅಪಾಯವಿಲ್ಲ, ವಿದ್ಯೆಗೆ ಅಪಾಯ. ವಿನೋದಕ್ಕಾಗಿ ಹಾರುವವರಲ್ಲಿ ಹೆಚ್ಚಾಗಿ ಉಳಿಯಬೇಕಾದವರು ಇಂಥ ಎಚ್ಚರಿಕೆಯವರು. ಮೊದಲು ಬಿಟ್ಟುಹೋಗುವವರೂ ಅವರೇ.

ಅವರು ಬಿಟ್ಟುಹೋದರೆ ಲೋಕಕ್ಕೇನು ನಷ್ಟವೆಂದು ಕೇಳಬಹುದು. ಅಮೆರಿಕದಲ್ಲಿ ಸಾರ್ವಜನಿಕರ ಉಪಯೋಗಕ್ಕೆ ತೆರೆದಿರುವ ವಿಮಾನ ನಿಲ್ದಾಣಗಳು ಸುಮಾರು ಐದು ಸಾವಿರ. ವೇಳಾಪಟ್ಟಿಯಂತೆ ಸಂಚರಿಸುವ ದೊಡ್ಡ ಕಂಪನಿಗಳ ವಿಮಾನಗಳು ಇಳಿಯುವುದು ಇವುಗಳಲ್ಲಿ ಒಂದು ಸಣ್ಣ ಪಾಲಿನಲ್ಲಿ ಮಾತ್ರ. ಮಿಕ್ಕವು ಸಣ್ಣ ವಿಮಾನಗಳನ್ನು ನಂಬಿಕೊಂಡಿವೆ. ಕಾಡುಗಿಚ್ಚು, ಪ್ರವಾಹ, ರೋಗಿಗಳ ಸಾಗಾಟ ಮುಂತಾದ ಸಮಯಗಳಲ್ಲಿ ಇವು ಒದಗಿಬರುತ್ತವೆ. ಹಾರುವವರು ಕಡಮೆಯಾದರೆ ಊರಿನವರಿಗೆ ಆ ನಿಲ್ದಾಣ ಬರಿಯ ಗದ್ದಲವಾಗಿ, ಬೆಲೆಬಾಳುವ ನಿವೇಶನವಾಗಿ ಕಾಣುತ್ತದೆ. ಷಿಕಾಗೋ ನಗರದ ಸರೋವರದ ದಡದಲ್ಲಿದ್ದ ಮೇಗ್ಸ್ ಫೀಲ್ಡ್ ಎಂಬ ನಿಲ್ದಾಣದ ರನ್‌ವೇಯನ್ನು 2003ರ ಮಾರ್ಚ್ 30ರ ರಾತ್ರಿ ನಗರದ ಮೇಯರ ಅಪ್ಪಣೆಯಂತೆ ಯಂತ್ರಗಳಿಂದ ಅಗೆದುಹಾಕಿದರು. ಅಲ್ಲಿ ನಿಂತಿದ್ದ ವಿಮಾನಗಳು ಬೆಳಗಾಗುವುದರೊಳಗೆ ಸಿಕ್ಕಿಬಿದ್ದುವು. ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಿಲ್ದಾಣವನ್ನು 2028ರ ಕೊನೆಯಾದ ಮೇಲೆ ಮುಚ್ಚಬಹುದೆಂದು 2017ರಲ್ಲಿ ಒಪ್ಪಂದವಾಗಿದೆ. ನೆರೆಯವರ ದೂರುಗಳೆಲ್ಲ ಹುರುಳಿಲ್ಲದವೆಂದು ನಾನು ಹೇಳುವುದಿಲ್ಲ. ಈ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಸೀಸ ಬೆರೆತಿದೆ. ಅದು ಮಕ್ಕಳ ಬುದ್ಧಿಗೆ ಕೇಡೆಂಬ ಕಾರಣದಿಂದ ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾ ಜಿಲ್ಲೆಯವರು ತಮ್ಮ ನಿಲ್ದಾಣಗಳಲ್ಲಿ ಅದರ ಮಾರಾಟವನ್ನು 2022ರ ಜನವರಿಯಿಂದ ನಿಲ್ಲಿಸಿದ್ದಾರೆ. ಸೀಸವಿಲ್ಲದ ಪೆಟ್ರೋಲು ಎಲ್ಲ ಎಂಜಿನುಗಳಿಗೂ ಒದಗಿಬರುವವರೆಗೆ ಈ ವಿನೋದಕ್ಕೆ ನೆರೆಹೊರೆಯವರ ಮನ್ನಣೆ ದೊರೆಯುವುದು ಕಷ್ಟ.

ಹಾಗಾದರೆ ಪರಿಹಾರವುಂಟೆ? ಸುಳಿಯನ್ನು ಒಡೆಯಬೇಕಾದರೆ ಅದು ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಕೈ ಹಾಕಬೇಕು. ಹವೆಯನ್ನು ಬದಲಾಯಿಸುವಂತಿಲ್ಲ, ವಿಮಾನದ ಬೆಲೆಯೂ ಒಬ್ಬನ ಕೈಯಲ್ಲಿಲ್ಲ. ಆದರೆ ಗುರಿಯನ್ನೂ ಜೊತೆಯನ್ನೂ ಮನುಷ್ಯನು ಕಟ್ಟಿಕೊಳ್ಳಬಹುದು. ಎಂಟು ಹತ್ತು ಮಂದಿ ಸೇರಿ ಒಂದು ವಿಮಾನವನ್ನು ಇಟ್ಟುಕೊಂಡರೆ ಹಾರದಿದ್ದರೂ ತೆರಬೇಕಾದ ಖರ್ಚು ಹಂಚಿಹೋಗುತ್ತದೆ. ಎಂಜಿನಿಗೆ ತುಕ್ಕು ಹಿಡಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, 'ಎರಡು ವಾರದಿಂದ ಕಾಣಲಿಲ್ಲವಲ್ಲ' ಎಂದು ಕೇಳುವವರು ಇರುತ್ತಾರೆ. ಬಿಡುವಾದಾಗ ಹಾರುವೆನೆನ್ನುವುದಕ್ಕೆ ಬದಲಾಗಿ ತಿಂಗಳಲ್ಲಿ ಇಂಥ ಎರಡು ದಿನವೆಂದು ಗೊತ್ತುಮಾಡಿಕೊಂಡು, ಕೈ ಜಡವಾಗಿದೆಯೆನಿಸಿದ ದಿನ ಮನೆಯಲ್ಲಿ ಉಳಿಯದೆ ಶಿಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರುವುದು ಮತ್ತೊಂದು ಉಪಾಯ. ಆ ದಿನದ ಅಡ್ಡಗಾಳಿಯೇ ಆಗ ಪಾಠವಾಗುತ್ತದೆ. ವಿವೇಕವೂ ಉಳಿಯಿತು, ವಿದ್ಯೆಯೂ ಉಳಿಯಿತು.

ಗುರಿಯನ್ನು ಬೇರೆಯವರ ಉಪಯೋಗದಲ್ಲಿ ಕಂಡುಕೊಂಡವರೂ ಇದ್ದಾರೆ. ದೂರದ ಆಸ್ಪತ್ರೆಗೆ ಹೋಗಬೇಕಾದ ಬಡ ರೋಗಿಗಳನ್ನು ತಮ್ಮ ವಿಮಾನದಲ್ಲಿ, ತಮ್ಮ ಖರ್ಚಿನಲ್ಲಿ ಕರೆದೊಯ್ಯುವ ವೈಮಾನಿಕರ ಸಂಘಗಳು ಅಮೆರಿಕದಲ್ಲಿವೆ. 1992ರಲ್ಲಿ ಆರಂಭವಾದ 'ಯಂಗ್ ಈಗಲ್ಸ್' ಎಂಬ ಕಾರ್ಯದಲ್ಲಿ ಇಂಥ ವೈಮಾನಿಕರು ಹುಡುಗ ಹುಡುಗಿಯರನ್ನು ಹಣ ಪಡೆಯದೆ ಒಮ್ಮೆ ಆಕಾಶಕ್ಕೆ ಕರೆದೊಯ್ದು ತರುತ್ತಾರೆ. 2016ರ ವೇಳೆಗೆ ಹೀಗೆ ಹಾರಿಬಂದ ಮಕ್ಕಳು ಇಪ್ಪತ್ತು ಲಕ್ಷ. ಒಂದು ಮಗು ಶನಿವಾರ ಹತ್ತು ಗಂಟೆಗೆ ನಿಲ್ದಾಣದ ಬಾಗಿಲಲ್ಲಿ ಕಾದಿರುತ್ತದೆಂದು ಗೊತ್ತಿರುವವನು, ಆ ದಿನಕ್ಕೆ ತನ್ನ ಕೈ ಹದವಾಗಿರಲೆಂದು ಹಿಂದಿನ ವಾರವೂ ಹಾರುತ್ತಾನೆ.

ನಮ್ಮ ನಾಡಿನ ಮಾತನ್ನು ಎರಡು ವಾಕ್ಯದಲ್ಲಿ ಹೇಳುವುದು ಉಚಿತ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟದ ಶಾಲೆಯಿದೆ. ದೇಶದ ಹಾರಾಟದ ಕ್ಲಬ್ಬುಗಳಿಗಾಗಿಯೇ ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ 'ಪುಷ್ಪಕ' ಎಂಬ ಎರಡು ಆಸನದ ವಿಮಾನ 1958ರಲ್ಲಿ ಮೊದಲ ಬಾರಿ ಹಾರಿತು. ಆದರೆ ನಮ್ಮಲ್ಲಿ ಹಾರಲು ಕಲಿಯುವವರು ಬಹುಮಟ್ಟಿಗೆ ಉದ್ಯೋಗಕ್ಕಾಗಿ ಕಲಿಯುವವರು. ವಿನೋದಕ್ಕಾಗಿ ಹಾರುವ ಪದ್ಧತಿ ನಮ್ಮಲ್ಲಿ ಬೇರು ಬಿಡಲಿಲ್ಲ. ಹಾಗಿದ್ದೂ ಒಂದು ನಿದರ್ಶನ ನಮ್ಮಲ್ಲೇ ಉಂಟು. 1929ರ ಫೆಬ್ರವರಿಯಲ್ಲಿ ಭಾರತದ ಮೊದಲನೆಯ ವೈಮಾನಿಕ ಲೈಸೆನ್ಸನ್ನು ಪಡೆದ ಜೆ. ಆರ್. ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಟಪ್ಪಾಲಿನ ವಿಮಾನವನ್ನು ನಡೆಸಿದರು. ಐವತ್ತು ವರ್ಷಗಳ ಮೇಲೆ, 1982ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಅದೇ ದಾರಿಯನ್ನು ಹಳೆಯ ಕಾಲದ ಪುಟ್ಟ ವಿಮಾನದಲ್ಲಿ ಮತ್ತೆ ಹಾರಿ ತೋರಿಸಿದರು. ಅವರಿಗೆ ಹಣದ ಅಡ್ಡಿಯಿರಲಿಲ್ಲವೆನ್ನಬಹುದು. ಪುರುಸೊತ್ತು ಅವರಿಗೆ ನಮಗಿಂತ ಹೆಚ್ಚಾಗಿತ್ತೆಂದು ಮಾತ್ರ ಯಾರೂ ಹೇಳಲಾರರು.

ವಿಮಾನದ ಮುಖವನ್ನೇ ಹತ್ತಿರದಿಂದ ಕಾಣದವರಿಗೂ ಈ ವಿಷಯ ಸಂಬಂಧಿಸಿದ್ದೆಂದು ನನ್ನ ಭಾವನೆ. ಗೋಡೆಗೆ ಒರಗಿಸಿದ ವೀಣೆ ಎಷ್ಟು ಮನೆಗಳಲ್ಲಿಲ್ಲ! ಮದುವೆಗೆ ಮುಂಚೆ ಕಲಿತ ಸಂಗೀತ, ಕಾಲೇಜಿನಲ್ಲಿ ಓದಿದ ಸಂಸ್ಕೃತ, ಒಂದು ಕಾಲದಲ್ಲಿ ಬರೆಯುತ್ತಿದ್ದ ಚಿತ್ರ, ಇವನ್ನು ಬಿಟ್ಟೆವೆಂದು ನಾವು ಯಾರೂ ಒಪ್ಪುವುದಿಲ್ಲ; ಪುರುಸೊತ್ತಾಗಿಲ್ಲ ಎನ್ನುತ್ತೇವೆ. ಬೆರಳು ಜಡವಾಗಿದೆಯೆಂದು ವೀಣೆಯನ್ನು ಮುಟ್ಟುವುದಿಲ್ಲ. ಮುಟ್ಟದ್ದರಿಂದ ಬೆರಳು ಇನ್ನೂ ಜಡವಾಗುತ್ತದೆ. ಅಪಸ್ವರ ಬಂದರೆ ಪ್ರಾಣಕ್ಕೇನೂ ಅಪಾಯವಿಲ್ಲದ ನಮಗೇ ಈ ಹಿಂಜರಿಕೆಯಿರುವಾಗ, ಒಂದು ತಪ್ಪಿಗೆ ಪ್ರಾಣವನ್ನೇ ತೆರಬೇಕಾದ ವೈಮಾನಿಕನ ಹಿಂಜರಿಕೆಯನ್ನು ನಾವು ಗೌರವದಿಂದ ಕಾಣಬೇಕು. ಅವನಿಗೆ ಹೇಳಬಹುದಾದ ಮಾತು ಒಂದೇ: ಈ ದಿನ ಹಾರುವುದು ಬೇಡವೆನ್ನುವಾಗ, ಯಾವ ದಿನ ಹಾರುವೆನೆಂಬುದನ್ನೂ, ಯಾರ ಜೊತೆಯಲ್ಲೆಂಬುದನ್ನೂ ಅದೇ ಗಳಿಗೆಯಲ್ಲಿ ಗೊತ್ತುಮಾಡಿ ಬರೆದಿಡಬೇಕು. ನೆಲದ ಮೇಲಿರುವ ನಮಗೂ ಆ ಮಾತು ಸಲ್ಲುತ್ತದೆ.